ಹಂಚಿನಡಿಯ ಬಾವಲಿಗಳ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ಹಳೇ ಕಟ್ಟಡದ ಹಂಚಿನಡಿಯ ಬಾವಲಿಗಳನ್ನು ಓಡಿಸಿ ಎಂದು ಕಳೆದ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಕೇಳಿದಿರಿ. 2018ರಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಬಾವಲಿಯಿಂದ ಹರಡುವ ನಿಫಾ ಜ್ವರ ಬಂದ ಮೇಲೆ ಉಡುಪಿಯಲ್ಲೂ ಜನ ಹೆದರಿದ್ದಾರೆ. ಆ ಭಯ ಸುಮ್ನೆ ಬಂದದ್ದಲ್ಲ. ಆದರೆ ನಿಫಾ ವೈರಸ್ ಮುಖ್ಯವಾಗಿ ಇರುವುದು ಹಣ್ಣು ತಿನ್ನುವ, ಮರದಲ್ಲಿ ನೇತಾಡುವ ದೊಡ್ಡ ಬಾವಲಿಗಳಲ್ಲಿ. ನಮ್ಮ ಹಂಚಿನಡಿ ಇರುವವು ಹೆಬ್ಬೆರಳಿನಷ್ಟು ಪುಟ್ಟವು, ಹುಳ ಹಿಡಿದು ಬದುಕುವವು. ಹಾಗಂತ ಯಾವ ಬಾವಲಿಯನ್ನೂ ಮುಟ್ಟಬಾರದು, ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು. ಮನೆಯಲ್ಲೂ ಇದನ್ನು ಹೇಳಿಕೊಡಿ.

ಓಡಿಸುವ ಮೊದಲು ಮಕ್ಕಳು ಅವುಗಳ ದನಿಯನ್ನು ಒಮ್ಮೆ ಕೇಳಲಿ ಎಂಬುದು ನನ್ನ ಆಸೆ. ಅದಕ್ಕೇ ಈ ಪತ್ರ.

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗಿನ ಸದ್ದು ಮಾತ್ರ ಕೇಳುತ್ತದೆ. ಇಂಥ ಪುಟ್ಟ ಬಾವಲಿಗಳ ಕೂಗು 40,000 ದಾಟುವುದುಂಟು. ಒಂಬತ್ತನೇ ತರಗತಿಯವರು ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿದರು. ಸಿಕ್ಕಿದ್ದು ಬರೀ ಜೀರುಂಡೆ. ಯಾಕೆ? ಮೊಬೈಲ್ ಸಾಮಾನ್ಯವಾಗಿ ಸದ್ದನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆಯುತ್ತದೆ. ದನಿ ಸರಿಯಾಗಿ ಸಿಗಬೇಕಾದರೆ ಅದರ ಕಂಪನದ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆಯಬೇಕು. ಸಾಲದು, ಅಲ್ವಾ? ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದವರು ಮಕ್ಕಳೇ. ಅವತ್ತು ನನಗಾದ ಸಂತೋಷ ಹೇಳತೀರದು. ಈಗ ಆಡಿಯೋಮಾತ್ ಎಂಬ ಪುಟ್ಟ ರೆಕಾರ್ಡರ್ ತರಿಸಿದ್ದೇವೆ. ಅದು 3,84,000 ಸಲ ಅಳೆಯಬಲ್ಲದು. ಒಂದೇ ನಿಮಿಷಕ್ಕೆ 46 ಎಂಬಿ ತುಂಬುತ್ತದೆ. ಮನೆಯಲ್ಲಿ ಬಳಸದೆ ಬಿದ್ದ ಪೆನ್‌ಡ್ರೈವ್ ಇದ್ದರೆ ದಯವಿಟ್ಟು ಕಳಿಸಿಕೊಡಿ.

ಫೈಲನ್ನು ಕಂಪ್ಯೂಟರ್ ಕೋಣೆಯಲ್ಲಿ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆಯುತ್ತೇವೆ. ಅಲ್ಲಿ ದನಿ ಚಿತ್ರವಾಗಿ ಕಾಣುತ್ತದೆ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಕಂಪನ. ಒಂದೊಂದು ಕೂಗೂ ಉಗುರಿನಲ್ಲಿ ಗೀರಿದಂತೆ ಓರೆಯಾಗಿ ಬಿದ್ದಿರುತ್ತದೆ. ಹತ್ತು ಪಟ್ಟು ನಿಧಾನ ಮಾಡಿದರೆ 45,000ದ ಕೂಗು 4,500ಕ್ಕೆ ಇಳಿದು ಹಕ್ಕಿಯ ಚಿಲಿಪಿಲಿಯಂತೆ ಕಿವಿಗೆ ಬೀಳುತ್ತದೆ. ಬಾವಲಿ ಹುಳದ ಹತ್ತಿರ ಬಂದಂತೆಲ್ಲ ಗೀರುಗಳು ಒತ್ತೊತ್ತಾಗುತ್ತವೆ. ಹಿಡಿಯುವ ಹೊತ್ತಿಗೆ ಸೆಕೆಂಡಿಗೆ ನೂರಕ್ಕೂ ಜಾಸ್ತಿ! ಆ ಒತ್ತು ಗೀರುಗಳನ್ನು ಎಣಿಸಿದರೆ, ನಮ್ಮ ಅಂಗಳದಲ್ಲಿ ಒಂದು ಸಂಜೆಗೆ ಎಷ್ಟು ಸಲ ಹುಳದ ಬೇಟೆಗೆ ಇಳಿದವು ಎಂದು ಗೊತ್ತಾಗುತ್ತದೆ.

ಬರುವ ಶುಕ್ರವಾರ ಸಂಜೆ 6ರಿಂದ 7:30ರವರೆಗೆ ರೆಕಾರ್ಡಿಂಗ್. ಒಪ್ಪಿಗೆ ಚೀಟಿ ಬುಧವಾರದೊಳಗೆ ಬರಲಿ. ಮಗುವನ್ನು ಕರೆದೊಯ್ಯಲು ಮನೆಯವರೊಬ್ಬರು ಬರಲೇಬೇಕು. ಸ್ವಲ್ಪ ಬೇಗ ಬಂದು ನಮ್ಮ ಜೊತೆ ಅಂಗಳದಲ್ಲಿ ಕೂತರೆ ಇನ್ನೂ ಒಳ್ಳೆಯದು. ಮಳೆ ಬಂದರೆ ಮುಂದಿನ ವಾರ. ಹಂಚಿನ ಮೇಲೆ ಮಳೆ ಹೊಯ್ಯುವಾಗ ಬೇರೇನೂ ಕೇಳುವುದಿಲ್ಲ.

ಓಡಿಸುವ ವಿಷಯವನ್ನು ಮುಂದಿನ ಸಭೆಯಲ್ಲಿ ಮಾತಾಡೋಣ. ಅಂದು ಮಕ್ಕಳು ತಮ್ಮ ಎಣಿಕೆಯನ್ನು ನಿಮ್ಮ ಮುಂದೆ ಇಡುತ್ತಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ