ನರಕದ ವಿಡಿಯೊಗಳ ಬಗ್ಗೆ

ಪ್ರಿಯರೇ, ದಯವಿಟ್ಟು ಗುಂಪಿನಲ್ಲಿ ನರಕದ ವಿಡಿಯೊ ಹಾಕಬೇಡಿ. ಮೊನ್ನೆಯದನ್ನು ನೋಡಿದ ಅಜ್ಜಿಯೊಬ್ಬರು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೂ ಬೆಂಚಿನಿಂದ ಏಳಲಿಲ್ಲ. ಕೈಯಲ್ಲಿ ಜಪಸರ, ಆದರೆ ಮಣಿ ಮುಂದೆ ಸರಿಯುತ್ತಿಲ್ಲ. "ಮೂಡಿಗೆರೆ ತೋಟದಲ್ಲೇ ಜೀವ ಸವೆಸಿದೆ. ಮಳೆಗಾಲದಲ್ಲಿ ಎಷ್ಟೋ ಪೂಜೆ ತಪ್ಪಿಸಿದೀನಿ. ನನಗೆ ಮೋಕ್ಷ ಇದೆಯಾ ಮಗಾ?" ಅಂದರು.

ನನಗೆ ಮೋಕ್ಷ ಖಂಡಿತ ಅಂತ ನಾವೇ ಹೇಳಿಕೊಳ್ಳಲು ಆಗುವುದಿಲ್ಲ, ನಿಜ. 1547ರಲ್ಲಿ ಟ್ರೆಂಟ್ ಮಹಾಸಭೆ, ಅಂದರೆ ನಮ್ಮ ಕಥೋಲಿಕ ಧರ್ಮಸಭೆಯ ಬಿಷಪರ ದೊಡ್ಡ ಸಭೆ, ಹೇಳಿದ್ದೂ ಇದನ್ನೇ. ಹಾಗಂತ ಭರವಸೆ ಬಿಡಬೇಕಾ? "ನನಗೇನೂ ಆಗಲ್ಲ" ಅನ್ನುವುದು ಎಷ್ಟು ತಪ್ಪೋ, "ನನಗೆ ಕ್ಷಮೆಯೇ ಇಲ್ಲ" ಅನ್ನುವುದೂ ಅಷ್ಟೇ ತಪ್ಪು. ಇಂಥವರು ನರಕದಲ್ಲಿದ್ದಾರೆ ಅಂತ ಧರ್ಮಸಭೆ ಇವತ್ತಿಗೂ ಒಬ್ಬರ ಹೆಸರನ್ನೂ ಹೇಳಿಲ್ಲ, ಅಲ್ವಾ?

1431ರಲ್ಲಿ ಧರ್ಮದ್ರೋಹದ ಆರೋಪದ ವಿಚಾರಣೆಯಲ್ಲಿ ಫ್ರಾನ್ಸಿನ ಸಂತ ಜೋನ್ ಆಫ್ ಆರ್ಕ್‌ಗೆ "ನೀನು ದೇವರ ಕೃಪೆಯಲ್ಲಿದ್ದೀಯಾ?" ಅಂತ ಕೇಳಿದರು. ಇಲ್ಲದಿದ್ದರೆ ದೇವರು ಸೇರಿಸಲಿ, ಇದ್ದರೆ ಹಾಗೇ ಉಳಿಸಲಿ ಅಂದಳು. ಆಗ ಅವಳಿಗೆ ಸುಮಾರು 19 ವರ್ಷ. ಅಜ್ಜಿಗೆ ಇದನ್ನೇ ಹೇಳಿದೆ. ಎರಡು ಸಲ ಹೇಳಿಸಿಕೊಂಡರು.

ಭಯ ಕಾಡುತ್ತಿದ್ದರೆ ಸುಮ್ನೆ ಒಳಗೇ ಇಟ್ಟುಕೊಳ್ಳಬೇಡಿ. ಶನಿವಾರ ಸಂಜೆ ಫಾದರ್ ಪಾಪನಿವೇದನೆಗೆ ಕೂರುತ್ತಾರೆ. ಬೈಕ್ ಇರುವವರು ತೋಟದ ಕಾರ್ಮಿಕರ ಲೈನ್ ಮನೆಗಳ ಹಿರಿಯರನ್ನು ಕರೆದುಕೊಂಡು ಬನ್ನಿ.