ಒಲ್ಲೆ ಅಂದವರನ್ನೇ ಹಿಡಿದು ಬಿಷಪ್ ಮಾಡಿದ ಊರು

ಇವತ್ತು ರಾತ್ರಿಯೊಳಗೆ ನಮ್ಮ ಸಂಘದ ಪತ್ರಿಕೆ ಪ್ರಿಂಟಿಗೆ ಕಳಿಸ್ಬೇಕು, ಈ ಪುಟ ಇನ್ನೂ ಖಾಲಿ. ಮೊನ್ನೆ ಕನ್ನಡ ಕ್ಲಾಸಲ್ಲಿ ಒಬ್ಬ ಪುಟ್ಟಿ, "ಆಂಟಿ, ಡಿಸೆಂಬರ್ 7ನೇ ತಾರೀಖು ನಮಗೆ ರಜಾ, ರೋಮಲ್ಲಿರೋ ನನ್ನ ಕಸಿನ್‌ಗೆ ಯಾಕಿಲ್ಲ?" ಅಂತ ಕೇಳಿದ್ಲು. ಯಾಕಂದ್ರೆ ಅದು ಅಂಬ್ರೋಜೋ ಹಬ್ಬ, ಅವರು ನಮ್ಮ ಮಿಲಾನೋದ ಸಂತರು ಕಣಮ್ಮ ಅಂದೆ.

374ರಲ್ಲಿ ಇಲ್ಲಿನ ಬಿಷಪ್ ತೀರಿಕೊಂಡಾಗ ಯೇಸು ತಂದೆ ದೇವರಿಗೆ ಸಮ ಅಲ್ಲ ಅನ್ನೋ ಏರಿಯನ್ ಪಂಥದವರಿಗೂ ಸಮ ಅನ್ನೋ ನೈಸೀಯ ಪಂಥದವರಿಗೂ ಜಗಳ, ಗಲಾಟೆ ಆಗದಿರಲಿ ಅಂತ ಬಂದ ಗವರ್ನರ್ ಅಂಬ್ರೋಜೋನೇ ಬಿಷಪ್ ಆಗ್ಲಿ ಅಂತ ಜನ ಕೂಗಿಬಿಟ್ರು, ಮೊದಲು ಕೂಗಿದ್ದು ಒಂದು ಮಗು ಅಂತಾರೆ. ಪಾಪ ಅವರಿಗೆ ಕ್ರೈಸ್ತರಾಗೋ ದೀಕ್ಷಾಸ್ನಾನವೂ ಆಗಿರ್ಲಿಲ್ಲ, ತಪ್ಪಿಸ್ಕೊಳ್ಳೋಕೂ ನೋಡಿದ್ರಂತೆ, ಜನ ಬಿಡ್ಲಿಲ್ಲ. ಡಿಸೆಂಬರ್ 7 ಅವರು ಪಟ್ಟಕ್ಕೆ ಬಂದ ದಿನ. "ರಾಜೀನಾಮೆ ಕೊಡ್ಲಿಲ್ವಾ?" ಅಂದ್ಲು ಪುಟ್ಟಿ. ಇಲ್ಲ, 397ರಲ್ಲಿ ಸಾಯೋವರೆಗೂ ಅವರೇ.

ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಅದೇ ದಿನ ಹಸಿರು ಮೆಟ್ರೋ ಹಿಡಿದು ಅವರ ಬಸಿಲಿಕಾಗೆ ಹೋಗಿದ್ದೆ, ನೆಲಮಾಳಿಗೆಗೆ ಇಳಿದ್ರೆ ಗಾಜಿನೊಳಗೆ ಬಿಷಪ್ ಬಟ್ಟೆ ಹಾಕಿಸ್ಕೊಂಡು ಅವರ ಅಸ್ಥಿಪಂಜರ, ಅಕ್ಕಪಕ್ಕ ಇಬ್ಬರು ಹುತಾತ್ಮರದ್ದು, ಎದೆ ಧಸಕ್ ಅಂತು. ಅಲ್ಲಿಂದ ಕೋಟೆ ಹತ್ರ ಓ ಬೇಜ್ ಜಾತ್ರೆಗೆ ಹೋದೆ, ಸುಟ್ಟ ಚೆಸ್ಟ್‌ನಟ್ ವಾಸನೆಗೆ ಬಸವನಗುಡಿ ಕಡಲೆಕಾಯಿ ಪರಿಷೆ ಕಣ್ಮುಂದೆ ಬಂತು ನೋಡಿ, ಅದೂ ಹೆಚ್ಚುಕಮ್ಮಿ ಇದೇ ಹೊತ್ತಿಗಲ್ವಾ, ತಾತ ಸೇರು ಲೆಕ್ಕದಲ್ಲಿ ಅಳೆಸಿ ಸ್ವೆಟರ್ ಜೇಬಿಗೆ ತುಂಬೋರು, ಕೈಮಣ್ಣು ಒರೆಸ್ಕೊಳ್ಳೋಕೆ ಅವರ ಪಂಚೆ, ಅಜ್ಜಿ ಬೈಗುಳ ಮನೆಗೆ ಬಂದ್ಮೇಲೆ. ಚೆಸ್ಟ್‌ನಟ್ ಪೊಟ್ಟಣ ಹಿಡ್ಕೊಂಡು ಅಲ್ಲೇ ಅತ್ತುಬಿಟ್ಟೆ.

ಮುಂದೆ ದೊಡ್ಡ ಕ್ರೈಸ್ತ ಚಿಂತಕರಾದ ಅಗಸ್ಟೀನ್‌ಗೆ 387ರಲ್ಲಿ ದೀಕ್ಷಾಸ್ನಾನ ಕೊಟ್ಟವರು ಇವರೇ. ಗ್ರೀಸಿನ ಥೆಸಲೋನಿಕಾದಲ್ಲಿ ರೋಮನ್ ಸೈನಿಕರು ಸಾವಿರಾರು ಜನರನ್ನ ಕೊಂದಾಗ, 390ರಲ್ಲಿ, ಅವರ ಚಕ್ರವರ್ತಿ ಥಿಯೊಡೋಸಿಯಸ್‌ಗೇ ಪತ್ರ ಬರೆದು ಪಶ್ಚಾತ್ತಾಪ ಮಾಡಿಸಿದ್ರು. ಬರೀ ಹೊಗಳಿ ಮುಗಿಸೋಕೆ ಮನಸ್ಸಾಗ್ತಿಲ್ಲ ಆದ್ರೂ. ಎರಡು ವರ್ಷ ಮೊದಲು ಈಗಿನ ಸಿರಿಯಾದ ಕ್ಯಾಲಿನಿಕಮ್‌ನಲ್ಲಿ ಕ್ರೈಸ್ತರ ಗುಂಪು ಯಹೂದ್ಯರ ಪ್ರಾರ್ಥನಾಮಂದಿರ ಸಿನಗಾಗ್ ಸುಟ್ಟಿತ್ತು, ಅಲ್ಲಿನ ಬಿಷಪ್ಪೇ ಕಟ್ಟಿಸ್ಕೊಡ್ಲಿ ಅಂದಿದ್ದ ಚಕ್ರವರ್ತಿ, ಅದನ್ನ ಹಠ ಹಿಡಿದು ನಿಲ್ಲಿಸಿದ್ದೂ ಇದೇ ಅಂಬ್ರೋಜೋ. ಅದು ಶುದ್ಧ ಅನ್ಯಾಯ.

ಸರಿ, ಸೂಚನೆಗಳು: ಸಂಕ್ರಾಂತಿ ಜನವರಿ ಮೂರನೇ ಭಾನುವಾರ, ಎಳ್ಳು ಬೆಲ್ಲ ಸಂಘದ್ದು, ಕೊಬ್ಬರಿ ಹೆಚ್ಚೋಕೆ ಹಿಂದಿನ ದಿನ ನಾಲ್ಕು ಕೈ ಬೇಕು. ಮಕ್ಕಳ ನಾಟಕಕ್ಕೆ ಹೆಸರು ಬೇಗ ಕೊಡಿ. ಲೈಬ್ರರಿ ಪುಸ್ತಕ ತಗೊಂಡವರು ದಯವಿಟ್ಟು ವಾಪಸ್ ತನ್ನಿ. ಅವತ್ತೇ ಊಟ ಆದ್ಮೇಲೆ ಹೊಸ ಕಮಿಟಿ ಆಯ್ಕೆ, ಸಂಪಾದಕರ ಜಾಗಕ್ಕೆ ಇನ್ನೂ ಒಂದು ಹೆಸರೂ ಬಂದಿಲ್ಲ, ನನಗೆ ನಿಜವಾಗ್ಲೂ ಸಾಕಾಗಿದೆ, ಟೈಪಿಂಗ್ ಬರದಿದ್ರೂ ಪರ್ವಾಗಿಲ್ಲ ಕಲಿಸ್ತೀನಿ. ಊಟ ಮುಗಿಸಿ ಮೆಲ್ಲಗೆ ಜಾರ್ಕೊಳ್ಳೋರಿಗೆ ಒಂದು ಮಾತು: ಬಾಗಿಲ ಹತ್ರ ಪುಟ್ಟಿನ ನಿಲ್ಸಿರ್ತೀನಿ, ಅವಳ ಗಂಟಲು ಜೋರಿದೆ.