ಮೊನಾಕೊ ರೇಸನ್ನು ಶನಿವಾರ ನೋಡು

ಪ್ರೀತಿಯ ಗೆಳೆಯಾ,

ಮೊನಾಕೊದಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವುದಿಲ್ಲ, ಎರಡು ತಾಸು ಕೂತು ಮೆರವಣಿಗೆ ನೋಡಿದ ಹಾಗಾಯಿತು ಅಂತ ಬರೆದಿದ್ದೀಯ. ನಿನ್ನ ಮಾತು ಸುಳ್ಳಲ್ಲ. 2024ರಲ್ಲಿ ಮೊದಲ ಹತ್ತು ಸ್ಥಾನಗಳಲ್ಲಿ ಹೊರಟ ಹತ್ತು ಜನ ಅದೇ ಕ್ರಮದಲ್ಲಿ ಬಂದು ಗುರಿ ಮುಟ್ಟಿದರು. ಫಾರ್ಮುಲಾ ಒನ್ ಚರಿತ್ರೆಯಲ್ಲಿ ಹಾಗಾದದ್ದು ಅದೇ ಮೊದಲು. ಆದರೆ ನೀನು ನೋಡಿದ್ದು ಭಾನುವಾರದ ಆಟ. ಮೊನಾಕೊದಲ್ಲಿ ಮುಕ್ಕಾಲು ಪಾಲು ತೀರ್ಮಾನ ಶನಿವಾರ ಸಂಜೆಗೇ ಆಗಿಹೋಗಿರುತ್ತದೆ, ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಿ. ಅದಕ್ಕೆ ಕಾರಣ ಆ ರಸ್ತೆ. ರಸ್ತೆ ಅರ್ಥವಾದರೆ ರೇಸ್ ಅರ್ಥವಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಷ್ಟು ಇಕ್ಕಟ್ಟಾದ ಊರಿನಲ್ಲಿ ರೇಸ್ ಯಾಕೆ ಇಟ್ಟರು ಅಂತ ಕೇಳಿದ್ದೆಯಲ್ಲ, ಅದಕ್ಕೊಂದು ಸರಿಯಾದ ಕಾರಣವಿದೆ. ಮೊನಾಕೊದ ಆಟೊಮೊಬೈಲ್ ಕ್ಲಬ್ಬಿನವರು 1920ರ ದಶಕದಲ್ಲಿ ಅಂತರರಾಷ್ಟ್ರೀಯ ಮೋಟಾರ್ ಸಂಸ್ಥೆಯ ಸದಸ್ಯತ್ವ ಕೇಳಿದರು. ನಿಮ್ಮ ಮಾಂಟೆ ಕಾರ್ಲೊ ರ‍್ಯಾಲಿ ಓಡುವುದೆಲ್ಲ ಬೇರೆ ದೇಶಗಳ ರಸ್ತೆಯಲ್ಲಿ, ನಿಮ್ಮ ನೆಲದೊಳಗೆ ನಡೆಯುವ ಸ್ಪರ್ಧೆ ಯಾವುದಿದೆ ಅಂತ ಆ ಸಂಸ್ಥೆಯವರು ತಿರುಗಿ ಕೇಳಿದರು. ಇಡೀ ದೇಶದ ವಿಸ್ತಾರ ಎರಡು ಚದರ ಕಿಲೋಮೀಟರಿನ ಆಸುಪಾಸು. ಬೇರೆ ಜಾಗವೇ ಇರಲಿಲ್ಲ. ಕ್ಲಬ್ಬಿನ ಆಂಟನಿ ನೋಗೆಸ್ ಊರಿನ ಬೀದಿಗಳನ್ನೇ ಜೋಡಿಸಿ 3.18 ಕಿ.ಮೀ. ಸುತ್ತು ಮಾಡಿದರು. 1929ರ ಏಪ್ರಿಲ್ 14ರಂದು ಮೊದಲ ರೇಸ್ ನಡೆಯಿತು. ನೂರು ಸುತ್ತು, ಯಾರು ಎಲ್ಲಿಂದ ಹೊರಡಬೇಕು ಅನ್ನುವುದು ಚೀಟಿ ಎತ್ತಿ ನಿರ್ಧಾರ. ಗೆದ್ದದ್ದು ಹಸಿರು ಬುಗಾಟಿಯ ವಿಲಿಯಂ ಗ್ರೋವರ್-ವಿಲಿಯಮ್ಸ್, ಗಂಟೆಗೆ ಸುಮಾರು 80 ಕಿ.ಮೀ. ಸರಾಸರಿಯಲ್ಲಿ. ಚೀಟಿ ಪದ್ಧತಿ ಹೆಚ್ಚು ದಿನ ಬಾಳಲಿಲ್ಲ. ಅಭ್ಯಾಸದ ವೇಗ ನೋಡಿ ಸಾಲು ನಿಲ್ಲಿಸುವ ಕ್ರಮ ಗ್ರಾಂ ಪ್ರಿ ರೇಸಿನಲ್ಲಿ ಮೊದಲು ಬಂದದ್ದು ಇಲ್ಲೇ, 1933ರಲ್ಲಿ. ಮುಂದೆ ನಿಂತವನಿಗೆ ಇಷ್ಟು ಲಾಭವಿರುವ ಊರಿನಲ್ಲೇ ಆ ಪದ್ಧತಿ ಹುಟ್ಟಿದ್ದು ನ್ಯಾಯವಾಗಿಯೇ ಇದೆ.

ಈಗಿನ ಸುತ್ತು 3.337 ಕಿ.ಮೀ. ಹತ್ತೊಂಬತ್ತು ತಿರುವು, 78 ಸುತ್ತು, ಒಟ್ಟು 260 ಕಿ.ಮೀ. ಮಿಕ್ಕ ಕಡೆ ರೇಸ್ ಕನಿಷ್ಠ 305 ಕಿ.ಮೀ. ಇರಬೇಕು ಅನ್ನುವುದು ನಿಯಮ. ಮೊನಾಕೊಗೆ ಮಾತ್ರ ವಿನಾಯಿತಿ, ಯಾಕೆಂದರೆ ಅಲ್ಲಿ ವೇಗ ಅಷ್ಟು ಕಡಿಮೆ. 2025ರಲ್ಲಿ ಲ್ಯಾಂಡೊ ನಾರಿಸ್ ಪೋಲ್, ಅಂದರೆ ಮೊದಲ ಸ್ಥಾನದಿಂದ ಹೊರಡುವ ಅವಕಾಶ, ಪಡೆದ ಸುತ್ತು 1 ನಿಮಿಷ 9.954 ಸೆಕೆಂಡು. ಲೆಕ್ಕ ಹಾಕಿದರೆ ಸರಾಸರಿ ಗಂಟೆಗೆ 172 ಕಿ.ಮೀ. ಬರುತ್ತದೆ. ಇಟಲಿಯ ಮೋಂಜಾದಲ್ಲಿ ಇದೇ ಕಾರುಗಳ ಸರಾಸರಿ 260 ದಾಟುತ್ತದೆ.

ರಸ್ತೆ ಅಂದೆನಲ್ಲ, ಅದು ವರ್ಷವಿಡೀ ಬಸ್ಸು, ಸ್ಕೂಟರು, ಲಾರಿ ಓಡಾಡುವ ರಸ್ತೆಯೇ. ತಡೆಗೋಡೆ, ಬೇಲಿ, ಗ್ಯಾಲರಿ ಕಟ್ಟಲು ಸುಮಾರು ಆರು ವಾರ, ಬಿಚ್ಚಲು ಮೂರು ವಾರ. ಮ್ಯಾನ್‌ಹೋಲ್ ಮುಚ್ಚಳಗಳು ಮೇಲೇಳದಂತೆ ಭದ್ರ ಮಾಡಬೇಕು. ಕಾರಿನ ತಳದಡಿ ಗಾಳಿ ಜೋರಾಗಿ ನುಗ್ಗುವಾಗ ಒತ್ತಡ ಇಳಿಯುತ್ತದೆ, ಸಡಿಲವಾಗಿರುವ ಮುಚ್ಚಳವನ್ನು ಕಾರೇ ಮೇಲಕ್ಕೆ ಸೆಳೆಯುತ್ತದೆ. 2016ರ ಅಭ್ಯಾಸದಲ್ಲಿ ಹಾಗೆ ಎದ್ದ ಮುಚ್ಚಳ ಜೆನ್ಸನ್ ಬಟನ್ ಕಾರಿಗೆ ಬಡಿಯಿತು. ಮಳೆನೀರು ಹರಿದುಹೋಗಲಿ ಅಂತ ರಸ್ತೆಯ ನಡುವೆ ಎತ್ತರ, ಅಂಚಿನಲ್ಲಿ ಇಳಿಜಾರು. ಹಾಗಾಗಿ ಒಂದೇ ತಿರುವಿನಲ್ಲಿ ಎಡಚಕ್ರಕ್ಕೆ ಒಂದು ಹಿಡಿತ, ಬಲಚಕ್ರಕ್ಕೆ ಇನ್ನೊಂದು. ಜೀಬ್ರಾ ಪಟ್ಟಿಯ ಬಿಳಿ ಬಣ್ಣ ಒದ್ದೆಯಾದರೆ ಸೋಪು ಬಳಿದ ಹಾಗೆ ಜಾರುತ್ತದೆ. ಸಂಜೆಯಾದರೆ ರಸ್ತೆಯನ್ನು ಊರಿನವರಿಗೆ ಬಿಟ್ಟುಕೊಡಬೇಕು. ರಾತ್ರಿ ಓಡಿದ ವಾಹನಗಳ ಧೂಳು ಬೆಳಿಗ್ಗೆ ರಸ್ತೆ ಮೇಲೆ ಕೂತಿರುತ್ತದೆ.

ಈ ಧೂಳಿನ ವಿಷಯ ನೆನಪಿಟ್ಟುಕೋ, ಶನಿವಾರದ ಗುಟ್ಟು ಅದರಲ್ಲಿದೆ. ಕಾರುಗಳು ಓಡಿದ ಹಾಗೆಲ್ಲ ಟೈರಿನ ರಬ್ಬರು ರಸ್ತೆಗೆ ಅಂಟಿಕೊಂಡು ಹಿಡಿತ ಏರುತ್ತಾ ಹೋಗುತ್ತದೆ. ಅರ್ಹತಾ ಸುತ್ತಿನ ಕೊನೇ ನಿಮಿಷದಲ್ಲಿ ಓಡಿದವನಿಗೆ ಅತ್ಯುತ್ತಮ ರಸ್ತೆ. ಆದರೆ ಆ ಕೊನೇ ನಿಮಿಷದಲ್ಲಿ ಯಾರಾದರೂ ಗೋಡೆಗೆ ಹೊಡೆದರೆ ಹಳದಿ ಇಲ್ಲವೇ ಕೆಂಪು ಬಾವುಟ ಬಿದ್ದು ಉಳಿದವರ ಸುತ್ತು ಹಾಳು. 2006ರಲ್ಲಿ ಪೋಲ್ ಕೈಯಲ್ಲಿದ್ದ ಮೈಕೆಲ್ ಶುಮಾಕರ್ ಕೊನೇ ಗಳಿಗೆಯಲ್ಲಿ ರಾಸ್ಕಾಸ್ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡ. ಬೇಕೆಂದೇ ಮಾಡಿದ್ದು ಅಂತ ತೀರ್ಪುಗಾರರು ಅವನ ಸಮಯಗಳನ್ನೆಲ್ಲ ರದ್ದು ಮಾಡಿದರು. ಕಟ್ಟಕಡೆಯಿಂದ ಹೊರಟೂ ಅವನು ಐದನೆಯವನಾಗಿ ಬಂದ.

ಈಗ ಒಂದು ಸುತ್ತು ಜೊತೆಗೆ ಹೋಗೋಣ. ಸಾಂತ್ ದೆವೋತ್ ಮೊದಲ ತಿರುವು, ಪಕ್ಕದ ಪುಟ್ಟ ಚರ್ಚಿನ ಹೆಸರು. ಅಲ್ಲಿಂದ ಏರು ರಸ್ತೆ, ಮೇಲೆ ಕ್ಯಾಸಿನೊ ಚೌಕ. ಚೌಕ ದಾಟಿ ಇಳಿಯುವಾಗ ಕಾರುಗಳೆಲ್ಲ ನೇರ ರಸ್ತೆಯಲ್ಲೂ ಒಂದಿಷ್ಟು ಬಲಕ್ಕೆ ಸರಿಯುವುದನ್ನು ಗಮನಿಸು. ಅಲ್ಲಿ ಡಾಂಬರು ಉಬ್ಬಿದೆ. ಅದರ ಮೇಲೆ ಹೋದರೆ ಕಾರು ನೆಲ ಬಿಟ್ಟು ಹಗುರಾಗಿ, ಮುಂದಿನ ಬ್ರೇಕಿಗೆ ಚಕ್ರ ತಿರುಗುವುದು ನಿಂತು ಜಾರುತ್ತದೆ. ಆಮೇಲೆ ಹೇರ್‌ಪಿನ್, ಪೂರ್ತಿ ಹಿಂದಕ್ಕೆ ತಿರುಗುವ ತಿರುವು. ಮೊದಲು ಅಲ್ಲಿ ರೈಲು ನಿಲ್ದಾಣವಿತ್ತು, ಈಗ ಹೋಟೆಲು. ವೇಗ ಗಂಟೆಗೆ 50 ಕಿ.ಮೀ.ಗಿಂತ ಕೆಳಗೆ, ಇಡೀ ವರ್ಷದ ರೇಸುಗಳಲ್ಲಿ ಇದಕ್ಕಿಂತ ನಿಧಾನದ ತಿರುವಿಲ್ಲ. ಮಾಮೂಲಿ ಸ್ಟೀರಿಂಗ್ ಜೋಡಣೆಯಲ್ಲಿ ಮುಂದಿನ ಚಕ್ರ ಅಷ್ಟು ತಿರುಗುವುದೇ ಇಲ್ಲ. ಅದಕ್ಕೇ ತಂಡಗಳು ಈ ಒಂದು ವಾರಕ್ಕಾಗಿ ಸ್ಟೀರಿಂಗನ್ನೂ ಮುಂದಿನ ಸಸ್ಪೆನ್ಷನ್ನಿನ ಭಾಗಗಳನ್ನೂ ಬೇರೆಯಾಗಿ ಮಾಡಿಸಿಕೊಂಡು ಬರುತ್ತವೆ. ಕಾರಿನೊಳಗಿನ ಕ್ಯಾಮೆರಾದಲ್ಲಿ ನೋಡಿದರೆ ಚಾಲಕನ ಕೈಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ.

ಪೋರ್ತಿಯೆ ತಿರುಗಿದರೆ ಸುರಂಗ. 1988ರಲ್ಲಿ ಐರ್ಟನ್ ಸೆನ್ನಾ ಅರ್ಹತಾ ಸುತ್ತಿನಲ್ಲಿ ತನ್ನದೇ ತಂಡದ ಅಲೆನ್ ಪ್ರಾಸ್ಟನನ್ನು 1.427 ಸೆಕೆಂಡು ಹಿಂದೆ ಹಾಕಿದ್ದ. ಒಂದೇ ತರಹದ ಎರಡು ಕಾರುಗಳ ನಡುವೆ ಇಷ್ಟು ಅಂತರ! ಮರುದಿನ ದೊಡ್ಡ ಮುನ್ನಡೆಯಲ್ಲಿದ್ದಾಗ 67ನೇ ಸುತ್ತಿನಲ್ಲಿ ಇದೇ ಪೋರ್ತಿಯೆಯಲ್ಲಿ ಗೋಡೆಗೆ ಹೊಡೆದ. ಬೆನ್ನಟ್ಟುವವರು ದೂರವಾದಾಗ ಗಮನ ಸಡಿಲವಾಗುವುದು ಇಲ್ಲಿಯ ಹಳೇ ರೋಗ. ಆದರೂ ಸೆನ್ನಾ ಇಲ್ಲಿ ಆರು ಸಲ ಗೆದ್ದ, ಆ ದಾಖಲೆ ಇನ್ನೂ ಅವನದೇ. ಸುರಂಗದ ಮೇಲೆ ಹೋಟೆಲು ಕೂತಿದೆ. 1981ರಲ್ಲಿ ಅಲ್ಲಿ ಬೆಂಕಿ ಬಿದ್ದು, ಆರಿಸಲು ಬಿಟ್ಟ ನೀರು ಸುರಂಗದೊಳಗೆ ತೊಟ್ಟಿಕ್ಕಿ ರೇಸೇ ತಡವಾಯಿತು. ಊರೆಲ್ಲ ಒಣ, ಸುರಂಗ ಮಾತ್ರ ಒದ್ದೆ.

ಸುರಂಗದಿಂದ ಸುಮಾರು 290 ಕಿ.ಮೀ. ವೇಗದಲ್ಲಿ ಬೆಳಕಿಗೆ ಬಂದು, ಇಳಿಜಾರಿನಲ್ಲೇ ಬ್ರೇಕು ಒತ್ತಿ ಬಂದರಿನ ಪಕ್ಕದ ಷಿಕೇನಿಗೆ (ಬೆನ್ನುಬೆನ್ನಿಗೆ ಬರುವ ಎಡ-ಬಲ ತಿರುವು) ತಿರುಗಬೇಕು. ಹಿಂದೆ ಹಾಕುವ ಅವಕಾಶ ಅಂತ ಏನಾದರೂ ಇದ್ದರೆ ಇಲ್ಲೇ. ಅತಿ ಹೆಚ್ಚು ನೋವು ಕಂಡ ಜಾಗವೂ ಇದೇ. 1955ರಲ್ಲಿ ಆಲ್ಬರ್ಟೊ ಅಸ್ಕಾರಿ ಕಾರು ಸಮೇತ ಸಮುದ್ರಕ್ಕೆ ಬಿದ್ದು ಈಜಿ ಬಂದ. ನಾಲ್ಕೇ ದಿನಕ್ಕೆ ಮೋಂಜಾದಲ್ಲಿ ಕಾರು ಓಡಿಸುವಾಗ ಸತ್ತ. 1967ರಲ್ಲಿ ಲೊರೆಂಜೊ ಬಂಡಿನಿಯ ಫೆರಾರಿ ಇಲ್ಲೇ ಮಗುಚಿ ಬೆಂಕಿ ಹತ್ತಿತು. ರಸ್ತೆ ಬದಿಗೆ ರಕ್ಷಣೆಗೆಂದು ಇಟ್ಟಿದ್ದ ಹುಲ್ಲಿನ ಹೊರೆಗಳೇ ಬೆಂಕಿಯನ್ನು ದೊಡ್ಡದು ಮಾಡಿದವು. ಮೂರು ದಿನ ನರಳಿ ಅವನು ತೀರಿಕೊಂಡ. ಇವತ್ತು ಸುತ್ತಲೂ ಮೂರು ಅಂತಸ್ತಿನ ಕಬ್ಬಿಣದ ತಡೆಗೋಡೆ, ಮೂಲೆಮೂಲೆಗೆ ಕ್ರೇನು, ನಿಮಿಷದೊಳಗೆ ಕಾರನ್ನೆತ್ತಿ ಪಕ್ಕಕ್ಕಿಡುವ ಕೆಲಸಗಾರರು ಇರುವುದನ್ನು ನೋಡುವಾಗ ಬಂಡಿನಿಯನ್ನು ನೆನೆಯದೆ ಇರಲಾಗುವುದಿಲ್ಲ.

ಮುಂದಿನದು ತಬಾಕ್. 1950ರಲ್ಲಿ ಸಮುದ್ರದ ಅಲೆಯೊಂದು ರಸ್ತೆಗೆ ಚಿಮ್ಮಿ, ಮೊದಲ ಸುತ್ತಿನಲ್ಲೇ ಅರ್ಧದಷ್ಟು ಕಾರುಗಳು ಇಲ್ಲಿ ಒಂದಕ್ಕೊಂದು ಗುದ್ದಿಕೊಂಡವು. ಎರಡನೇ ಸುತ್ತಿನಲ್ಲಿ ಅಲ್ಲಿಗೆ ಬಂದ ಹುವಾನ್ ಮಾನ್ಯುಯೆಲ್ ಫಾಂಜಿಯೊ ಜನರ ಮುಖಗಳು ತನ್ನ ಕಡೆ ತಿರುಗಿಲ್ಲ, ಬೇರೆಲ್ಲೋ ನೋಡುತ್ತಿದ್ದಾರೆ ಅನ್ನುವುದನ್ನು ಕಂಡು ನಿಧಾನಿಸಿದ, ಸಂದಿಯಲ್ಲಿ ನುಸುಳಿ ಗೆದ್ದ.

ತಬಾಕ್ ಆದಮೇಲೆ ಈಜುಕೊಳ. ಇಡೀ ಸುತ್ತಿನಲ್ಲಿ ಒಂದೇ ಜಾಗ ನೋಡು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಎರಡನೇ ಜೋಡಿ ತಿರುವಿನಲ್ಲಿ ಒಳಬದಿಯ ಗೋಡೆಗೆ ಮುಂದಿನ ಬಲಚಕ್ರ ಸವರಿದರೆ ಸ್ಟೀರಿಂಗಿನ ಸರಳು ಮುರಿಯುತ್ತದೆ, ಆಮೇಲೆ ಕಾರು ನೆಟ್ಟಗೆ ಎದುರಿನ ಗೋಡೆಗೆ ಹೋಗುತ್ತದೆ, ಚಾಲಕ ಮಾಡುವಂಥದ್ದೇನೂ ಉಳಿದಿರುವುದಿಲ್ಲ. 2021ರಲ್ಲಿ ಚಾರ್ಲ್ಸ್ ಲೆಕ್ಲೇರ್ ಪೋಲ್ ಸಮಯ ಹಾಕಿದ ಮೇಲೆ ಕೊನೇ ಪ್ರಯತ್ನದಲ್ಲಿ ಹೀಗೇ ಮಾಡಿಕೊಂಡ. ಪೆಟ್ಟು ಬಲಬದಿಗೆ ಬಿದ್ದಿತ್ತು. ರಾತ್ರಿಯೆಲ್ಲ ಗೇರ್‌ಬಾಕ್ಸ್ ಪರೀಕ್ಷಿಸಿ ಸರಿಯಿದೆ ಅಂತ ಉಳಿಸಿಕೊಂಡರು. ಮರುದಿನ ರೇಸ್ ಶುರುವಾಗುವ ಮೊದಲೇ ಚಕ್ರಕ್ಕೆ ಶಕ್ತಿ ಒಯ್ಯುವ ಎಡಬದಿಯ ಡ್ರೈವ್‌ಶಾಫ್ಟಿನ ಹಬ್ ಮುರಿದು, ತನ್ನ ಹುಟ್ಟೂರಿನಲ್ಲಿ, ಪೋಲ್ ಕೈಯಲ್ಲಿಟ್ಟುಕೊಂಡು ಅವನು ರೇಸಿಗೇ ಇಳಿಯಲಿಲ್ಲ. 2024ರಲ್ಲಿ ಗೆದ್ದಾಗ, 1931ರ ಲೂಯಿ ಶಿರಾನ್ ನಂತರ ಇಲ್ಲಿ ಗೆದ್ದ ಮೊದಲ ಮೊನಾಕೊದವನಾದ. ಆ ದಿನ ಕಾರುಗಳು ಸಾಲಾಗಿ ಹೋದವು ಅಂತ ನೀನು ಬೇಸರ ಮಾಡಿಕೊಂಡೆ. ಆ ಊರಿಗೆ ಅದು 93 ವರ್ಷ ಕಾದ ದಿನ.

ಕಾರಿನ ತಯಾರಿಯೂ ಇಲ್ಲಿ ಬೇರೆಯೇ. ರೆಕ್ಕೆಗಳು ಅತಿ ದೊಡ್ಡವು, ಗಾಳಿ ಎಷ್ಟು ತಡೆದರೂ ಚಿಂತೆಯಿಲ್ಲ. ಉಬ್ಬುತಗ್ಗು ನುಂಗಲೆಂದು ಸಸ್ಪೆನ್ಷನ್ ಮೆತ್ತಗೆ, ನೆಲದಿಂದ ಕಾರಿನ ಎತ್ತರ ಸ್ವಲ್ಪ ಹೆಚ್ಚು. ಟೈರು ಇರುವುದರಲ್ಲೇ ಅತಿ ಮೆದುವಾದವು. ನಿಧಾನದ ಓಟದಲ್ಲಿ ಗಾಳಿ ಸಾಲದು, ಹಾಗಾಗಿ ಎಂಜಿನ್ನಿಗೂ ಬ್ರೇಕಿಗೂ ಗಾಳಿಯ ದಾರಿಯನ್ನು ಅಗಲ ಮಾಡುತ್ತಾರೆ. ಎಂಜಿನ್ನಿನ ಶಕ್ತಿಗೆ ಮಾತ್ರ ಇಲ್ಲಿ ಬೆಲೆ ಕಡಿಮೆ. 2018ರಲ್ಲಿ ಡೇನಿಯಲ್ ರಿಕಾರ್ಡೊ ಕಾರಿನ ವಿದ್ಯುತ್ ಮೋಟಾರು ನಡುವೆಯೇ ಕೈಕೊಟ್ಟು ಸುಮಾರು 160 ಅಶ್ವಶಕ್ತಿ ಹೋಯಿತು. ಆ ಮೋಟಾರು ಹಿಂಬದಿಯ ಬ್ರೇಕಿಗೂ ನೆರವಾಗುತ್ತದೆ. ಅದಿಲ್ಲದೆ ಹಿಂದಿನ ಬ್ರೇಕು ಕಾಯತೊಡಗಿತು, ಅವನು ಬ್ರೇಕಿನ ಭಾರವನ್ನು ಮುಂದಕ್ಕೆ ಹಾಕಿಕೊಂಡು ಕೊನೆವರೆಗೂ ಸೆಬಾಸ್ಟಿಯನ್ ವೆಟಲನನ್ನು ತಡೆದು ಗೆದ್ದ. 1961ರಲ್ಲಿ ಸ್ಟರ್ಲಿಂಗ್ ಮಾಸ್ ಮಾಡಿದ್ದೂ ಇದನ್ನೇ. ಗಾಳಿಯಾಡಲಿ ಅಂತ ಪಕ್ಕದ ತಗಡುಗಳನ್ನು ಬಿಚ್ಚಿದ ಹಳೇ ಲೋಟಸ್, ಹಿಂದೆ ಹೆಚ್ಚು ಶಕ್ತಿಯ ಫೆರಾರಿಗಳು, ನೂರು ಸುತ್ತು, ಗೆಲುವು 3.6 ಸೆಕೆಂಡಿನಿಂದ.

ಇನ್ನು ಪಿಟ್, ರೇಸಿನ ನಡುವೆ ಕಾರು ಬಂದು ಟೈರು ಬದಲಿಸಿಕೊಳ್ಳುವ ಜಾಗ. ಬೇರೆಡೆ ಪಿಟ್ ರಸ್ತೆಯ ಮಿತಿ 80 ಕಿ.ಮೀ., ಇಲ್ಲಿ ಇಕ್ಕಟ್ಟೆಂದು 60. ಮಿಕ್ಕ ಕಡೆ ಮೊದಲು ಟೈರು ಬದಲಿಸಿದವನಿಗೆ ಲಾಭ. ಇಲ್ಲಿ ಹೊಸ ಟೈರು ಕಾವೇರಲು ಹೊತ್ತು ಹಿಡಿಯುವುದರಿಂದ, ಎದುರಿನ ರಸ್ತೆ ಖಾಲಿಯಿದ್ದರೆ ಹಳೇ ಟೈರಿನಲ್ಲೇ ಎರಡು ಸುತ್ತು ಹೆಚ್ಚು ಓಡಿದವನೇ ಗೆಲ್ಲುವುದುಂಟು. ಒಂದೇ ನಟ್ಟು ಎಲ್ಲ ಹಾಳುಮಾಡಬಲ್ಲದು. 2021ರಲ್ಲಿ ವಾಲ್ಟೆರಿ ಬೋಟಾಸ್ ಕಾರಿನ ಮುಂದಿನ ಬಲಚಕ್ರದ ನಟ್ಟಿಗೆ, ಅದನ್ನು ಬಿಚ್ಚುವ ಗನ್ ಓರೆಯಾಗಿ ಕೂತು ಹಲ್ಲುಗಳೆಲ್ಲ ಸವೆದುಹೋದವು. ರೇಸ್ ಅಲ್ಲಿಗೇ ಮುಗಿಯಿತು. ಚಕ್ರ ಬಿಚ್ಚಿದ್ದು 43 ತಾಸಿನ ಮೇಲೆ, ಕಾರ್ಖಾನೆಯಲ್ಲಿ.

2024ರ ಮೊದಲ ಸುತ್ತಿನ ಅಪಘಾತಕ್ಕೆ ರೇಸ್ ನಿಲ್ಲಿಸಿದಾಗ ಎಲ್ಲರೂ ನಿಂತಲ್ಲೇ ಟೈರು ಬದಲಿಸಿಕೊಂಡರು, ಆಮೇಲೆ ಪಿಟ್ಟಿಗೆ ಬರುವ ಅಗತ್ಯವೇ ಉಳಿಯಲಿಲ್ಲ. ಆ ಮೆರವಣಿಗೆಗೆ ಕಾರಣ ಅದು. ಮರುವರ್ಷ ಮೂರು ಜೊತೆ ಟೈರು ಬಳಸಲೇಬೇಕೆಂಬ ನಿಯಮ ತಂದರು. ತಂಡಗಳು ಒಬ್ಬ ಚಾಲಕನಿಂದ ಬೇಕೆಂದೇ ನಿಧಾನ ಓಡಿಸಿ, ಹಿಂದಿನವರನ್ನು ತಡೆಹಿಡಿದು, ಇನ್ನೊಬ್ಬನಿಗೆ ಪಿಟ್ಟಿನ ಸಮಯ ಗಳಿಸಿಕೊಟ್ಟವು. ನನ್ನ ಪ್ರಕಾರ ಅದು ತಪ್ಪು ಮದ್ದು. ರೋಗ ಕಾರಿನ ಗಾತ್ರದಲ್ಲಿದೆ. 2025ರವರೆಗಿನ ಕಾರು ಎರಡು ಮೀಟರ್ ಅಗಲ. 2026ರ ನಿಯಮದಲ್ಲಿ ಅಗಲ 10 ಸೆಂ.ಮೀ., ಚಕ್ರಗಳ ನಡುವಿನ ಉದ್ದ 20 ಸೆಂ.ಮೀ. ಕಡಿಮೆಯಾಗಿದೆ. ಒಳ್ಳೆಯದೇ, ಆದರೆ ಈ ಬೀದಿಗೆ ಸಾಲದು.

ಮಳೆ ಬಂದರೆ ಮಾತ್ರ ಎಲ್ಲ ಲೆಕ್ಕ ತಲೆಕೆಳಗು. 1996ರಲ್ಲಿ ಒದ್ದೆ ರಸ್ತೆಯಲ್ಲಿ 14ನೇ ಸ್ಥಾನದಿಂದ ಹೊರಟ ಒಲಿವಿಯೆ ಪಾನಿಸ್ ಗೆದ್ದ, ಕೊನೆಗೆ ಬಾವುಟ ಕಂಡದ್ದು ಮೂರೇ ಕಾರು. 1984ರಲ್ಲಿ ಮಳೆಗೆ ರೇಸ್ ಅರ್ಧಕ್ಕೆ ನಿಲ್ಲಿಸಿ ಗೆದ್ದ ಪ್ರಾಸ್ಟನಿಗೆ ಒಂಬತ್ತರ ಬದಲು ನಾಲ್ಕೂವರೆ ಅಂಕ ಕೊಟ್ಟರು. ವರ್ಷದ ಕೊನೆಗೆ ಅವನು ನಿಕಿ ಲೌಡಾನ ಎದುರು ಪ್ರಶಸ್ತಿ ಕಳೆದುಕೊಂಡದ್ದು ಬರೀ ಅರ್ಧ ಅಂಕದಿಂದ.

ಒಂದು ಮರೆತಿದ್ದೆ. ಅದೇ ವಾರ ನಡೆಯುವ, ಫಾರ್ಮುಲಾ ಒನ್ನಿಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ (ಎಫ್‌2) ರೇಸನ್ನೂ ನೋಡು. ಅಲ್ಲಿ ರಸ್ತೆ ಸಾಲದೆಂದು ಅರ್ಹತಾ ಸುತ್ತಿಗೆ ಕಾರುಗಳನ್ನು ಎರಡು ಗುಂಪು ಮಾಡುತ್ತಾರೆ. ಶನಿವಾರದ ಚಿಕ್ಕ ರೇಸಿಗೆ ಮೊದಲ ಹತ್ತು ಸ್ಥಾನ ತಿರುವುಮುರುವು. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಹಾಗೆ ಮುಂದಿನ ಸಾಲು ಪಡೆದು, ಆ ರೇಸ್ ಗೆದ್ದ. ಮೊನಾಕೊದಲ್ಲಿ ಎಫ್‌2 ರೇಸ್ ಗೆದ್ದ ಮೊದಲ ಭಾರತೀಯ ಅವನು. ಮುಂದೆ ನಿಂತರೆ ಸುಲಭ ಅಂತ ಯಾರಾದರೂ ಅಂದರೆ, ಪೋರ್ತಿಯೆಯಲ್ಲಿ ಸೆನ್ನಾಗೆ ಆದದ್ದನ್ನು ಅವರಿಗೆ ಹೇಳು.

2026ರಿಂದ ರೇಸ್ ಮೇ ಕೊನೆಯಿಂದ ಜೂನ್ ಮೊದಲಿಗೆ ಸರಿದಿದೆ. ಅಲ್ಲಿಯ ಮಧ್ಯಾಹ್ನ ಮೂರು ಅಂದರೆ ನಮಗೆ ಸಂಜೆ ಆರೂವರೆ, ಆ ಲೆಕ್ಕದಲ್ಲಿ ಶನಿವಾರದ ವೇಳೆ ನೋಡಿಕೋ. ಅರ್ಹತಾ ಸುತ್ತಿನ ಕೊನೇ ಮೂರು ನಿಮಿಷ ಕಾರಿನೊಳಗಿನ ಕ್ಯಾಮೆರಾ ಇಟ್ಟುಕೊಂಡು, ಈಜುಕೊಳದ ಹತ್ತಿರ ಬಲಚಕ್ರಕ್ಕೂ ಗೋಡೆಗೂ ಎಷ್ಟು ಸಂದು ಉಳಿಯುತ್ತದೆ ಅಂತ ನೋಡು. ನೋಡಿದ ಮೇಲೆ ಬರೆ.

ನಿನ್ನವ